ಹಿರೇಪಡಸಲಗಿಯಲ್ಲಿ ‘ಪಡಸಲಗಿ’ ಎಷ್ಟನೆಯದು?

ಜಮಖಂಡಿ ತಾಲ್ಲೂಕಿನ ಕೃಷ್ಣಾಸೀಮೆಯಲ್ಲಿ ಹಿರೇಪಡಸಲಗಿ, ಚಿಕ್ಕಪಡಸಲಗಿ ಎಂಬ ಎರಡು ಗ್ರಾಮಗಳುಂಟು. ರೈತರು ತಾವೇ ವಂತಿಗೆ ಕೂಡಿಸಿ, ತಾವೇ ಕಲ್ಲುಮಣ್ಣು ಹೊತ್ತು, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ 1989ರ ಹೊತ್ತಿಗೆ ನದಿಗೆ ಅಡ್ಡಲಾಗಿ ಕಟ್ಟಿ ನಿಲ್ಲಿಸಿದ ಬ್ಯಾರೇಜಿನ ದೆಸೆಯಿಂದ ಇವುಗಳಲ್ಲಿ ಚಿಕ್ಕದರ ಹೆಸರು ನಾಡಿಗೆಲ್ಲ ಪರಿಚಿತವಾಯಿತು. ಆ ಕೀರ್ತಿಯನ್ನು ವರ್ಣಿಸುವುದು ಈ ಲೇಖನದ ಉದ್ದೇಶವಲ್ಲ. ಈ ಎರಡು ಹೆಸರುಗಳಲ್ಲಿ ಸಮಾನವಾಗಿರುವ ‘ಪಡಸಲಗಿ’ ಎಂಬ ಭಾಗವು ಎಷ್ಟನೆಯ ಅಕ್ಷರದಿಂದ ಆರಂಭವಾಗುತ್ತದೆ ಎಂಬ ಅತ್ಯಂತ ಸಾಮಾನ್ಯವಾದ ಪ್ರಶ್ನೆಯನ್ನು ಓದುಗರ ಮುಂದಿಟ್ಟು, ಅದಕ್ಕೆ ಗಣಕಯಂತ್ರವು ಕೊಡುವ ಉತ್ತರವನ್ನು ವಿಚಾರಮಾಡುವುದಷ್ಟೇ ನನ್ನ ಇಚ್ಛೆ. ಕನ್ನಡ ಶಾಲೆಯ ಮೂರನೆಯ ಇಯತ್ತೆಯ ಬಾಲಕನನ್ನು ಕೇಳಿದರೆ, ‘ಹಿ’ ಒಂದು, ‘ರೇ’ ಎರಡು, ‘ಪ’ ಮೂರು ಎಂದು ಬೆರಳು ಮಡಿಚಿ ಎಣಿಸಿ ಮೂರನೆಯದೆಂದು ಹೇಳುವನು. ‘ಚಿ’, ‘ಕ್ಕ’, ‘ಪ’ ಎಂದು ಎಣಿಸಿ ಎರಡನೆಯ ಊರಿಗೂ ಮೂರೆಂದೇ ಹೇಳುವನು. ಯಂತ್ರವನ್ನು ಕೇಳಿದರೆ ಅದು ಮೊದಲನೆಯದಕ್ಕೆ 5 ಎಂದೂ ಎರಡನೆಯದಕ್ಕೆ 6 ಎಂದೂ ಹೇಳುತ್ತದೆ. ಬಾಲಕನದೂ ತಪ್ಪಿಲ್ಲ, ಯಂತ್ರದ್ದೂ ತಪ್ಪಿಲ್ಲ. ಇವರಿಬ್ಬರ ಎಣಿಕೆಗಳ ನಡುವಣ ಈ ಅಂತರವನ್ನು ಅರಿಯದೆ ಕನ್ನಡದ ದಾಖಲೆಗಳ ಮೇಲೆ ಕೈಯಿಡುವುದು ಕ್ಷೇಮವಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ಹೆಸರು, ವಿಳಾಸ, ಸರ್ವೆ ನಂಬರು ಮೊದಲಾದವುಗಳನ್ನು ದತ್ತಸಂಚಯವು, ಎಂದರೆ ನಾವು ಡೇಟಾಬೇಸ್ ಎಂದು ಕರೆಯುವ ಆ ಕೋಷ್ಟಕಗಳ ಭಂಡಾರವು, ಒಂದರ ಪಕ್ಕದಲ್ಲೊಂದು ಚಿಹ್ನೆಯನ್ನಿಟ್ಟ ಅಕ್ಷರಸರಣಿಗಳ ರೂಪದಲ್ಲಿ ಕಾಯ್ದಿಡುತ್ತದೆ. ದೊಡ್ಡ ಸರಣಿಯೊಂದರಲ್ಲಿ ಚಿಕ್ಕ ಸರಣಿಯೊಂದು ಎಲ್ಲಿಂದ ತೊಡಗುತ್ತದೆಂಬುದನ್ನು ತಿಳಿಸುವ ಫಂಕ್ಷನ್ನುಗಳು ಬಹುತೇಕ ಎಲ್ಲ ದತ್ತಸಂಚಯಗಳಲ್ಲಿಯೂ ಇವೆ. ದತ್ತಸಂಚಯಗಳನ್ನು ಪ್ರಶ್ನಿಸಲು ಬಳಸುವ ಎಸ್‌ಕ್ಯೂಎಲ್ ಭಾಷೆಯ 1992ರ ಪ್ರಮಾಣಗ್ರಂಥವು ಇದಕ್ಕೆ ‘ಪೊಸಿಷನ್’ ಎಂದು ಹೆಸರಿಟ್ಟಿತು. ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯವು ಅದನ್ನೇ ಅನುಸರಿಸುತ್ತದೆ. ಒರಾಕಲ್ಲಿನಲ್ಲಿ ‘ಇನ್‌ಸ್ಟರ್’, ಮೈಎಸ್‌ಕ್ಯೂಎಲ್‌ನಲ್ಲಿ ‘ಲೊಕೇಟ್’ ಮತ್ತು ‘ಇನ್‌ಸ್ಟರ್’ ಎರಡೂ, ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರಿನಲ್ಲಿ ‘ಚಾರ್‌ಇಂಡೆಕ್ಸ್’. ಎಲ್ಲವುಗಳ ಎಣಿಕೆಯೂ ಒಂದರಿಂದ ಆರಂಭ. ಹುಡುಕಿದ ಭಾಗವು ದೊರೆಯದಿದ್ದಲ್ಲಿ ಎಲ್ಲವುಗಳ ಉತ್ತರವೂ ಸೊನ್ನೆ. ಆದರೆ ‘ಇನ್‌ಸ್ಟರ್’ಗೆ ಮೊದಲು ದೊಡ್ಡ ಸರಣಿಯನ್ನೂ ಆಮೇಲೆ ಹುಡುಕತಕ್ಕ ಭಾಗವನ್ನೂ ಕೊಡಬೇಕು, ‘ಲೊಕೇಟ್’ ಮತ್ತು ‘ಚಾರ್‌ಇಂಡೆಕ್ಸ್’ಗಳಿಗೆ ಇದರ ವ್ಯುತ್ಕ್ರಮ. ಕ್ರಮ ತಪ್ಪಿದರೆ ಯಂತ್ರವು ಆಕ್ಷೇಪವೆತ್ತುವುದಿಲ್ಲ. ಊರಿನಲ್ಲಿ ಪದವನ್ನು ಹುಡುಕುವುದರ ಬದಲು ಪದದಲ್ಲಿ ಊರನ್ನು ಹುಡುಕಿ, ಸಿಗಲಿಲ್ಲವೆಂದು ಪ್ರಾಮಾಣಿಕವಾಗಿ ಸೊನ್ನೆಯನ್ನು ಮರಳಿಸುತ್ತದೆ.

ಹುಡುಕುವ ಬಗೆಯು ಸರಳವಾದುದು. ಬನಹಟ್ಟಿಯ ನೇಕಾರನು ಹಳೆಯ ಸೀರೆಯ ಅಂಚಿನ ತುಣುಕೊಂದನ್ನು ಹೊಸ ಸೀರೆಯ ಅಂಚಿನ ಮೇಲಿಟ್ಟು, ಚಿತ್ತಾರಕ್ಕೆ ಚಿತ್ತಾರ ಕೂಡುವವರೆಗೆ ಎಳೆ ಎಳೆಯಾಗಿ ಸರಿಸುತ್ತ ಹೋಗುವಂತೆ, ಯಂತ್ರವು ಚಿಕ್ಕ ಸರಣಿಯನ್ನು ದೊಡ್ಡದರ ಮೇಲೆ ಒಂದೊಂದೇ ಚಿಹ್ನೆಯಷ್ಟು ಸರಿಸಿ ಹೊಂದಿಕೆಯನ್ನು ನೋಡುತ್ತದೆ. ಒಂದೊಂದೇ ಹೆಜ್ಜೆಯಿಡುವ ಈ ಶ್ರಮವನ್ನು ಉಳಿಸಿ, ಹೊಂದದಿರುವ ಕಡೆ ಹಲವು ಹೆಜ್ಜೆಗಳನ್ನು ಒಮ್ಮೆಗೇ ದಾಟುವ ಉಪಾಯವನ್ನು ಬೋಯರ್ ಮತ್ತು ಮೂರ್ ಎಂಬ ವಿದ್ವಾಂಸರು 1977ರಲ್ಲಿ ಪ್ರಕಟಿಸಿದರು; ಅದರ ಒಂದು ಸರಳೀಕೃತ ರೂಪವು ಇಂದಿಗೂ ಪೋಸ್ಟ್‌ಗ್ರೆಸ್ಸಿನ ಒಳಗೆ ದುಡಿಯುತ್ತಿದೆ.

ಇನ್ನು 5 ಮತ್ತು 6ರ ಮಾತಿಗೆ ಬರೋಣ. ಜಗತ್ತಿನ ಲಿಪಿಗಳಿಗೆಲ್ಲ ಸಂಕೇತಸಂಖ್ಯೆಗಳನ್ನು ಹಂಚುವ ಯೂನಿಕೋಡ್ ವ್ಯವಸ್ಥೆಯು 1991ರಲ್ಲಿ ಮೊದಲ ಬಾರಿಗೆ ಪ್ರಕಟವಾದಾಗಲೇ ಕನ್ನಡಕ್ಕೆ ತನ್ನಲ್ಲಿ ಸ್ಥಳ ಕೊಟ್ಟಿತು. ಆದರೆ ಅದು ಸಂಖ್ಯೆ ಕೊಟ್ಟದ್ದು ನಾವು ಬಾಯಿಂದ ಉಚ್ಚರಿಸುವ ಗುಣಿತಾಕ್ಷರಕ್ಕಾಗಲಿ ಒತ್ತಕ್ಷರಕ್ಕಾಗಲಿ ಅಲ್ಲ. ವ್ಯಂಜನಕ್ಕೊಂದು, ಸ್ವರಚಿಹ್ನೆಗೊಂದು, ಅನುಸ್ವಾರಕ್ಕೊಂದು, ವ್ಯಂಜನಗಳನ್ನು ಬೆಸೆಯುವ ವಿರಾಮಚಿಹ್ನೆಗೊಂದು ಎಂದು ಬೇರೆ ಬೇರೆಯಾಗಿ ಕೊಟ್ಟಿತು. ಆದುದರಿಂದ ‘ಹಿರೇ’ ಎಂಬುದು ಯಂತ್ರದ ದೃಷ್ಟಿಯಲ್ಲಿ ಹಕಾರ, ಗುಡಿಸು, ರಕಾರ, ಏತ್ವ ಎಂಬ ನಾಲ್ಕು ಚಿಹ್ನೆಗಳು. ಅದರ ಮುಂದಿನ ಪಕಾರವು ಐದನೆಯದು. ‘ಚಿಕ್ಕ’ ಎಂಬುದು ಚಕಾರ, ಗುಡಿಸು, ಕಕಾರ, ವಿರಾಮ, ಮತ್ತೊಂದು ಕಕಾರ ಎಂಬ ಐದು ಚಿಹ್ನೆಗಳಾದುದರಿಂದ ಅಲ್ಲಿ ಪಕಾರವು ಆರನೆಯದು. ಇಷ್ಟಕ್ಕೇ ಮುಗಿಯಲಿಲ್ಲ. ಈ ಚಿಹ್ನೆಗಳನ್ನು ಯುಟಿಎಫ್-8 ಎಂಬ ಪದ್ಧತಿಯಲ್ಲಿ ಸಂಗ್ರಹಿಸುವಾಗ ಪ್ರತಿಯೊಂದು ಕನ್ನಡ ಚಿಹ್ನೆಯೂ ಮೂರು ಬೈಟುಗಳ ಸ್ಥಳವನ್ನು ಆಕ್ರಮಿಸುತ್ತದೆ. ಅಂತಹ ಸಂಗ್ರಹದ ಮೇಲೆ ಒರಾಕಲ್ಲಿನಲ್ಲಿ ಬೈಟುಗಳನ್ನೇ ಎಣಿಸುವ ‘ಇನ್‌ಸ್ಟರ್‌ಬಿ’ ಎಂಬ ಫಂಕ್ಷನ್ನನ್ನು ಪ್ರಯೋಗಿಸಿದರೆ ಉತ್ತರಗಳು 13 ಮತ್ತು 16 ಎಂದಾಗುತ್ತವೆ. ಕಣ್ಣಿಗೆ 3, ಚಿಹ್ನೆಗಳ ಲೆಕ್ಕದಲ್ಲಿ 5, ಬೈಟುಗಳ ಲೆಕ್ಕದಲ್ಲಿ 13: ಒಂದೇ ಊರಿನ ಒಂದೇ ಅಕ್ಷರಕ್ಕೆ ಮೂರು ಸ್ಥಾನಗಳು. ಇವುಗಳಲ್ಲಿ ಯಾವುದು ನಿಜವೆಂದು ಕಲಹಮಾಡುವುದರಿಂದ ಪ್ರಯೋಜನವಿಲ್ಲ. ಯಾವ ಮಾನದಲ್ಲಿ ಸ್ಥಾನವನ್ನು ಕಂಡುಕೊಂಡೆವೋ ಅದೇ ಮಾನದಲ್ಲಿ ಮುಂದಿನ ಕತ್ತರಿಸುವ ಕೆಲಸವನ್ನೂ ಮಾಡಬೇಕೆಂಬ ಒಂದೇ ನಿಯಮವನ್ನು ಪಾಲಿಸಿದರೆ ಸಾಕು. ಮೈಎಸ್‌ಕ್ಯೂಎಲ್‌ನಲ್ಲಿ ‘ಲೊಕೇಟ್’ ಚಿಹ್ನೆಗಳನ್ನೂ ‘ಲೆಂಗ್ತ್’ ಬೈಟುಗಳನ್ನೂ ಎಣಿಸುತ್ತವೆ. ಇವೆರಡನ್ನೂ ಒಂದೇ ಲೆಕ್ಕದಲ್ಲಿ ಬೆರಸಿದವನ ಫಲಿತಾಂಶವು ಇಂಗ್ಲಿಷ್ ಹೆಸರುಗಳಿಗೆ ಸರಿಹೋಗಿ, ಕನ್ನಡದ ಹೆಸರು ಬಂದ ಕ್ಷಣವೇ ಕೆಟ್ಟುಹೋಗುತ್ತದೆ. ಅಲ್ಲಿ ಬೇಕಾದುದು ‘ಚಾರ್-ಲೆಂಗ್ತ್’.

ಇಷ್ಟು ಸೂಕ್ಷ್ಮವಾದ ಎಣಿಕೆಯ ಅಗತ್ಯವಾದರೂ ಏನು ಎಂದು ಕೇಳುವವರಿಗೆ ನಮ್ಮ ಸೀಮೆಯ ಇತ್ತೀಚಿನ ಚರಿತ್ರೆಯೇ ಉತ್ತರ ಕೊಡುತ್ತದೆ. ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ ಎಂಬ ಎರಡು ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡು ಬಿಜಾಪುರ ಜಿಲ್ಲೆಯಲ್ಲಿ ಸೇರಿದವು. 1956ರಲ್ಲಿ ಆ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂತು. 1997ರ ಆಗಸ್ಟ್ 15ರಂದು ಜಮಖಂಡಿ, ಮುಧೋಳ, ಬೀಳಗಿಗಳು ಹೊಸ ಬಾಗಲಕೋಟೆ ಜಿಲ್ಲೆಯ ತಾಲ್ಲೂಕುಗಳಾದವು. 2014ರ ನವೆಂಬರ್ 1ರಂದು ಹಳೆಯ ಜಿಲ್ಲೆಯ ಹೆಸರು ಅಧಿಕೃತವಾಗಿ ವಿಜಯಪುರವೆಂದಾಯಿತು. 2017ರ ಮುಂಗಡಪತ್ರದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳ ಪೈಕಿ ರಬಕವಿ-ಬನಹಟ್ಟಿಯೂ ಒಂದಾಯಿತು. ಹೊಲ ಅದೇ, ಮನೆ ಅದೇ, ಮಗ್ಗ ಅದೇ. ಅವುಗಳ ವಿಳಾಸದ ಸಾಲು ಮಾತ್ರ ಪದೇ ಪದೇ ಬದಲಾಗಬೇಕಾಯಿತು. ಸಹಕಾರಿ ಸಂಘದ ಸದಸ್ಯರ ಪಟ್ಟಿಯಾಗಲಿ, ಸಕ್ಕರೆ ಕಾರ್ಖಾನೆಗೆ ಕಬ್ಬು ಪೂರೈಸುವವರ ಪಟ್ಟಿಯಾಗಲಿ, ಶಾಲೆಯ ದಾಖಲಾತಿ ಪುಸ್ತಕವಾಗಲಿ, ಹಳೆಯ ವಿಳಾಸಗಳನ್ನು ಹೊತ್ತ ಪಟ್ಟಿ ಯಾವುದೇ ಇರಲಿ, ಅದನ್ನು ಹೊಸ ಆಡಳಿತಕ್ಕೆ ಹೊಂದಿಸುವ ಕಾರ್ಯವು ಯಾರ ಪಾಲಿಗೆ ಬಂದರೂ ಅವನು ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಈ ಸಾಲಿನಲ್ಲಿ ಜಿಲ್ಲೆಯ ಹೆಸರು ಎಲ್ಲಿ ಆರಂಭವಾಗುತ್ತದೆ?

‘ಸಾ: ಲೋಕಾಪುರ, ತಾ: ಮುಧೋಳ, ಜಿ: ಬಿಜಾಪುರ’ ಎಂಬ ಸಾಲನ್ನು ತೆಗೆದುಕೊಳ್ಳೋಣ. ಸಾಕಿನ್ನು, ತಾಲ್ಲೂಕು, ಜಿಲ್ಲೆಗಳನ್ನು ಒಂದೊಂದು ಅಕ್ಷರದಿಂದ ಸೂಚಿಸಿ ಎರಡು ಚುಕ್ಕೆಯಿಡುವ ಈ ರೂಢಿಯು ನಮ್ಮ ಕಡೆಯ ಕಚೇರಿಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇದರಲ್ಲಿ ‘ಪುರ’ವನ್ನು ಹುಡುಕಿದರೆ ಯಂತ್ರವು 9 ಎನ್ನುತ್ತದೆ, ಅದು ಲೋಕಾಪುರದ ಪುರ. ಜಿಲ್ಲೆಯ ಪುರವಿರುವುದು 33ರಲ್ಲಿ. ಒರಾಕಲ್ಲಿನ ‘ಇನ್‌ಸ್ಟರ್’ಗೆ ಇನ್ನೆರಡು ವಿವರಗಳನ್ನು ಒದಗಿಸುವ ಅವಕಾಶವಿದೆ: ಎಲ್ಲಿಂದ ಹುಡುಕಬೇಕು, ಎಷ್ಟನೆಯ ಬಾರಿ ಕಂಡದ್ದನ್ನು ಹೇಳಬೇಕು. 1 ಮತ್ತು 2 ಎಂದು ಕೊಟ್ಟರೆ 33 ದೊರೆಯುತ್ತದೆ. ಆರಂಭಸ್ಥಾನಕ್ಕೆ ಋಣ 1 ಎಂದು ಕೊಟ್ಟರೆ ಬಾಲದ ಕಡೆಯಿಂದ ಹುಡುಕಿ ಅದೇ ಸ್ಥಾನಕ್ಕೆ ಬರುತ್ತದೆ. ಆದರೂ ಊರಿನ ಹೆಸರಿನಲ್ಲಿ ಪುರವಿದೆಯೋ ಇಲ್ಲವೋ ಎಂಬುದು ಸಾಲಿನಿಂದ ಸಾಲಿಗೆ ಬೇರೆಯಾಗುವುದರಿಂದ ಇದೂ ನಂಬತಕ್ಕ ಮಾರ್ಗವಲ್ಲ. ನಿಜವಾಗಿ ನಂಬಬಹುದಾದುದು ಕರಣಿಕನು ತಪ್ಪದೆ ಬರೆಯುತ್ತ ಬಂದ ‘ತಾ:’, ‘ಜಿ:’ ಎಂಬ ಗುರುತುಗಳೇ. ‘ತಾ:’ ಎಂಬುದು 14ರಲ್ಲಿದೆ. ಆ ಗುರುತೂ ಅದರ ಮುಂದಿನ ತೆರಪೂ ಸೇರಿ ನಾಲ್ಕು ಚಿಹ್ನೆಗಳಾದುದರಿಂದ ತಾಲ್ಲೂಕಿನ ಹೆಸರು 18ರಿಂದ ತೊಡಗಬೇಕು. 18ರಿಂದ ಮುಂದೆ ಅಲ್ಪವಿರಾಮವನ್ನು ಹುಡುಕಿದರೆ ಅದು 23ರಲ್ಲಿ ಸಿಗುತ್ತದೆ. 23ರಲ್ಲಿ 18ನ್ನು ಕಳೆದರೆ ಉಳಿಯುವ ಐದು ಚಿಹ್ನೆಗಳೇ ಮಕಾರ, ಕೊಂಬು, ಧಕಾರ, ಓತ್ವ, ಳಕಾರ, ಎಂದರೆ ಮುಧೋಳ. ಎರಡು ಸ್ಥಾನಗಳು, ಒಂದು ವ್ಯವಕಲನ, ಒಂದು ಕತ್ತರಿಕೆ: ಇಡೀ ವಿದ್ಯೆಯ ಸಾರ ಇಷ್ಟೇ. ಇದರ ಬದಲು ‘ಬಿಜಾಪುರ’ ಕಂಡಕಂಡಲ್ಲೆಲ್ಲ ‘ಬಾಗಲಕೋಟೆ’ ಎಂದು ಬರೆದುಬಿಡುವ ‘ರಿಪ್ಲೇಸ್’ ಎಂಬ ಫಂಕ್ಷನ್ನಿನ ಸೌಲಭ್ಯಕ್ಕೆ ಮನಸೋಲುವವರನ್ನು ನಾನು ತಡೆಯಬಯಸುತ್ತೇನೆ. ಊರಿನ ಹೆಸರೇ ಅಡ್ಡಹೆಸರಾಗುವುದು ನಮ್ಮ ಸೀಮೆಯ ಪದ್ಧತಿ. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ, ಬಿಜಾಪುರ ಎಂಬ ಅಡ್ಡಹೆಸರಿನ ಮನೆತನಗಳು ಎಲ್ಲೆಲ್ಲಿಯೂ ಇವೆ. ಬಿಜಾಪುರ ಎಂಬ ಮನೆತನದವನೊಬ್ಬನನ್ನು ಕ್ಷಣಾರ್ಧದಲ್ಲಿ ಬಾಗಲಕೋಟೆ ಮನೆತನದವನನ್ನಾಗಿ ಮಾಡಿದ ಪಟ್ಟಿಯಿಂದ ಆ ಮನುಷ್ಯನಿಗೆ ಬ್ಯಾಂಕಿನಲ್ಲಿಯೂ ತಹಶೀಲ್ದಾರರ ಕಚೇರಿಯಲ್ಲಿಯೂ ಒದಗುವ ಕಷ್ಟವು ಅಲ್ಪವಾದುದಲ್ಲ. ಆ ಹೆಸರು ಸಾಲಿನಲ್ಲಿ ಇದೆಯೇ ಎಂಬುದು ಒಂದು ಪ್ರಶ್ನೆ. ‘ಜಿ:’ ಎಂಬ ಗುರುತಿನ ಮುಂದೆ ಇದೆಯೇ ಎಂಬುದು ಬೇರೊಂದು ಪ್ರಶ್ನೆ. ಎರಡನೆಯದನ್ನು ಕೇಳಲು ಸ್ಥಾನದ ಜ್ಞಾನ ಬೇಕು.

ಸೊನ್ನೆಯ ವಿಷಯದಲ್ಲಿ ವಿಶೇಷವಾದ ಜಾಗರೂಕತೆ ಅವಶ್ಯ. ‘ರಬಕವಿ-ಬನಹಟ್ಟಿ’ ಎಂಬ ಜೋಡಿ ಹೆಸರಿನಲ್ಲಿ ನಡುವಣ ಅಡ್ಡಗೆರೆಯು ಆರನೆಯ ಚಿಹ್ನೆ. ಅದಕ್ಕಿಂತ ಒಂದು ಕಡಿಮೆ, ಎಂದರೆ ಎಡಗಡೆಯ ಐದು ಚಿಹ್ನೆಗಳನ್ನು ತೆಗೆದರೆ ‘ರಬಕವಿ’ ದೊರೆಯುತ್ತದೆ. ಅವಳಿ ಪಟ್ಟಣಗಳ ಒಂದೇ ನಗರಸಭೆಯ ಪಟ್ಟಿಯಲ್ಲಿ ಕೆಲವರ ವಿಳಾಸವು ಜೋಡಿಹೆಸರಿನಿಂದಲೂ ಕೆಲವರದು ಬರಿಯ ‘ರಬಕವಿ’ ಎಂದೂ ಇರಬಹುದಷ್ಟೆ? ಬರಿಯ ಹೆಸರಿನಲ್ಲಿ ಅಡ್ಡಗೆರೆ ಇಲ್ಲದ ಕಾರಣ ಸ್ಥಾನವು ಸೊನ್ನೆಯಾಗಿ, ಒಂದು ಕಳೆದಾಗ ಋಣ 1 ಆಗುತ್ತದೆ. ಇಂತಹ ಅಳತೆಯನ್ನು ‘ಲೆಫ್ಟ್’ ಎಂಬ ಫಂಕ್ಷನ್ನಿಗೆ ಒಪ್ಪಿಸಿದರೆ ಎಸ್‌ಕ್ಯೂಎಲ್ ಸರ್ವರು ಅಳತೆ ಅಸಾಧುವೆಂದು ದೋಷವನ್ನು ವರದಿಮಾಡಿ ನಿಂತುಬಿಡುತ್ತದೆ. ಮೈಎಸ್‌ಕ್ಯೂಎಲ್ ಬರಿದಾದ ಸರಣಿಯನ್ನು ಕೊಡುತ್ತದೆ. ಪೋಸ್ಟ್‌ಗ್ರೆಸ್ಸಾದರೋ ಋಣ 1 ಎಂಬುದನ್ನು ‘ಕೊನೆಯದೊಂದನ್ನು ಬಿಟ್ಟು ಉಳಿದುದೆಲ್ಲ’ ಎಂದು ಅರ್ಥಮಾಡಿಕೊಂಡು, ‘ರಬಕವಿ’ಯ ಕೊನೆಯ ಗುಡಿಸನ್ನು ಕಿತ್ತು ‘ರಬಕವ’ ಎಂದು ಹಿಂದಿರುಗಿಸುತ್ತದೆ. ಮೂರರಲ್ಲಿ ನಾನು ಮೊದಲನೆಯದರ ಪಕ್ಷಪಾತಿ. ಕೆಲಸವನ್ನು ನಿಲ್ಲಿಸಿ ಕೂಗುವ ದೋಷವನ್ನು ಅಂದೇ ತಿದ್ದಬಹುದು; ಊರಿನ ಹೆಸರನ್ನು ಮೌನವಾಗಿ ವಿಕೃತಗೊಳಿಸುವ ದೋಷವು ಯಾರೋ ಒಬ್ಬ ನೇಕಾರನ ಗುರುತಿನ ಚೀಟಿಯಲ್ಲಿ ಅಚ್ಚಾದ ಮೇಲೆ ಹೊರಬೀಳುತ್ತದೆ. ಆದುದರಿಂದ ಸ್ಥಾನವು ಸೊನ್ನೆಯೇ ಎಂದು ಮೊದಲು ಪರೀಕ್ಷಿಸಿ, ಸೊನ್ನೆಯಾದಲ್ಲಿ ಸರಣಿಯನ್ನು ಕತ್ತರಿಸದೆ ಬಿಡತಕ್ಕದ್ದು.

ಇದ್ದೂ ಇಲ್ಲವೆನ್ನುವ ಸೊನ್ನೆಗಳೂ ಉಂಟು, ಮತ್ತು ಕನ್ನಡಕ್ಕೆ ಸಂಬಂಧಿಸಿದಂತೆ ಇವೇ ಹೆಚ್ಚು ಅಪಾಯಕರ. ‘ಮುಧೋಳ’ದ ಓತ್ವವನ್ನು ಒಂದೇ ಸಂಕೇತದಿಂದ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ಮುಂದಿನ ದೀರ್ಘಚಿಹ್ನೆ ಎಂಬ ಮೂರು ಸಂಕೇತಗಳ ಕೂಟವಾಗಿಯೂ ಬರೆಯಬಹುದು. ಎರಡೂ ಒಂದೇ ಎಂದು ಯೂನಿಕೋಡ್ ಘೋಷಿಸಿದೆ. ತೆರೆಯ ಮೇಲೆ ಎರಡೂ ಒಂದೇ ರೂಪದಲ್ಲಿ ಕಾಣುತ್ತವೆ. ಆದರೆ ಸಂಕೇತಗಳನ್ನು ಇದ್ದಂತೆಯೇ ಹೋಲಿಸುವ ದತ್ತಸಂಚಯದಲ್ಲಿ ಒಂದು ಮುಧೋಳವು ಐದು ಚಿಹ್ನೆಗಳ ಊರು, ಇನ್ನೊಂದು ಏಳು ಚಿಹ್ನೆಗಳ ಊರು, ಒಂದರಲ್ಲಿ ಇನ್ನೊಂದನ್ನು ಹುಡುಕಿದರೆ ಸೊನ್ನೆ. ‘ಬೀಳಗಿ’ಯ ಗುಡಿಸಿನ ದೀರ್ಘಕ್ಕೂ, ‘ಹಿರೇ’ಯ ಏತ್ವಕ್ಕೂ ಇದೇ ಗತಿ. ಇದಕ್ಕೆ ಪರಿಹಾರವಿದೆ: ಪೋಸ್ಟ್‌ಗ್ರೆಸ್ಸಿನ 13ನೆಯ ಆವೃತ್ತಿಯಿಂದ ದೊರೆಯುವ ‘ನಾರ್ಮಲೈಜ್’, ಒರಾಕಲ್ಲಿನ ‘ಕಂಪೋಸ್’ ಇವು ಬಿಡಿ ರೂಪಗಳನ್ನು ಕೂಡಿಸಿ ಏಕರೂಪಕ್ಕೆ ತರುತ್ತವೆ; ಹುಡುಕುವ ಮುನ್ನ ಎರಡೂ ಕಡೆಯ ಸರಣಿಗಳನ್ನು ಇವುಗಳಲ್ಲೊಂದರ ಮೂಲಕ ಸಾಗಿಸಬೇಕು. ಇದಲ್ಲದೆ, ಅರ್ಧಾಕ್ಷರದ ಮುಂದೆ ಒತ್ತು ಮೂಡದಂತೆ ತಡೆಯುವ ಅಗೋಚರ ಚಿಹ್ನೆಯೊಂದಿದೆ. ಯಾರಾದರೂ ‘ಜಮ್‌ಖಂಡಿ’ ಎಂದು ಬರೆದರೆ ವಿರಾಮವೂ ಈ ಅಗೋಚರವೂ ಸೇರಿಕೊಂಡು, ‘ಜಮಖಂಡಿ’ಯಲ್ಲಿ 3ರಲ್ಲಿದ್ದ ‘ಖಂಡಿ’ಯು 5ಕ್ಕೆ ಸರಿಯುತ್ತದೆ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಉದ್ಧರಣಚಿಹ್ನೆಯ ಹಿಂದೆ ‘ಎನ್’ ಎಂಬ ಇಂಗ್ಲಿಷ್ ದೊಡ್ಡಕ್ಷರವನ್ನು ಬರೆಯಲು ಮರೆತರೆ ಸಾಮಾನ್ಯ ಸ್ಥಾಪನೆಯಲ್ಲಿ ಕನ್ನಡದ ಚಿಹ್ನೆಗಳೆಲ್ಲ ಪ್ರಶ್ನಾರ್ಥಕಗಳಾಗಿ ಪರಿವರ್ತಿತವಾಗುತ್ತವೆ. ಆಮೇಲೆ ಹುಡುಕುವುದು ಮುಧೋಳವನ್ನಲ್ಲ, ಐದು ಪ್ರಶ್ನಾರ್ಥಕಗಳನ್ನು. ಬೀಳಗಿ, ಬಿಳಗಿ, ಲೋಕಾಪುರ, ಲೋಕಾಪೂರ ಎಂಬ ಬರೆಹದ ವ್ಯತ್ಯಾಸಗಳನ್ನಾದರೋ ಯಾವ ಫಂಕ್ಷನ್ನೂ ಸರಿಮಾಡದು. ರನ್ನ ಮಹಾಕವಿಯ ಕಾಲದ ಮುದುವೊಳಲೇ ಇಂದಿನ ಮುಧೋಳವೆಂದು ನಾವು ಬಲ್ಲೆವು. ಸ್ಥಾನ ಹುಡುಕುವ ಫಂಕ್ಷನ್ನು ಅದನ್ನು ಅರಿಯಲಾರದು.

ಯೂನಿಕೋಡಿಗಿಂತ ಹಿಂದಿನ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಕಡತಗಳ ಸಮಸ್ಯೆ ಇನ್ನೂ ಭಿನ್ನ. ಅವು ಧ್ವನಿಯ ಕ್ರಮವನ್ನಲ್ಲ, ಆಕಾರದ ಕ್ರಮವನ್ನು ಅನುಸರಿಸುತ್ತಿದ್ದವು. ಕೃಷ್ಣೆಯ ದಡದ ನರಸಿಂಹಕ್ಷೇತ್ರವಾದ ಶೂರ್ಪಾಲಿಯ ಹೆಸರನ್ನು ಯೂನಿಕೋಡಿನಲ್ಲಿ ಬರೆದಾಗ ರಕಾರವು 3ರಲ್ಲಿಯೂ ಪಕಾರವು 5ರಲ್ಲಿಯೂ ಇರುತ್ತವೆ, ನಾಲಗೆ ನುಡಿದ ಕ್ರಮದಲ್ಲಿಯೇ. ಹಳೆಯ ಶೈಲಿಯಲ್ಲಿ ‘ಪಾ’ ಮುಂದಾಗಿ, ಅದರ ಬಳಿಕ ಅರ್ಕಾವೊತ್ತಿನ ಆಕಾರವು ಪ್ರತ್ಯೇಕವಾಗಿ ಕುಳಿತಿರುತ್ತದೆ; ರಕಾರವೆಂಬುದೇ ಅಲ್ಲಿಲ್ಲ. ಅಂತಹ ಕಡತಗಳನ್ನು ಮೊದಲು ಪರಿವರ್ತಿಸದೆ ಸ್ಥಾನವನ್ನು ಕೇಳುವುದು ವ್ಯರ್ಥ.

ಸೊನ್ನೆಯಲ್ಲದ ಉತ್ತರವನ್ನೂ ಕಣ್ಣುಮುಚ್ಚಿ ಒಪ್ಪುವಂತಿಲ್ಲ. ‘ಸಾ: ಗಲಗಲಿ, ತಾ: ಬೀಳಗಿ, ಜಿ: ಬಾಗಲಕೋಟೆ’ ಎಂಬುದರಲ್ಲಿ ‘ಗಲ’ವನ್ನು ಹುಡುಕಿದರೆ 5, 7, 29 ಎಂಬ ಮೂರು ಸ್ಥಾನಗಳು ಬರುತ್ತವೆ. ಓದುವವನಿಗೆ ಎರಡನೆಯದು ‘ಗಲ’ವಲ್ಲ, ‘ಗಲಿ’. ಆದರೆ ಲಕಾರದ ಮುಂದಿನ ಗುಡಿಸು ಯಂತ್ರಕ್ಕೆ ಬೇರೆಯೇ ಚಿಹ್ನೆಯಾದುದರಿಂದ ಅದು ಅಕ್ಷರವನ್ನು ನಡುವೆ ಸೀಳಿ ಹೊಂದಿಕೆಯಾಯಿತೆನ್ನುತ್ತದೆ. ಸಿಕ್ಕ ಭಾಗದ ಒಡನೆಯೇ ಸ್ವರಚಿಹ್ನೆಯಾಗಲಿ ವಿರಾಮವಾಗಲಿ ಇದ್ದರೆ ಆ ಹೊಂದಿಕೆಯನ್ನು ತಿರಸ್ಕರಿಸುವ ಒಂದು ಪರೀಕ್ಷೆಯನ್ನು ಜೊತೆಗೆ ಬರೆಯುವುದು ಕನ್ನಡಕ್ಕೆ ಅನಿವಾರ್ಯ.

2000ದ ಸುಮಾರಿನಲ್ಲಿ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳನ್ನು, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಉತಾರಗಳನ್ನು, ಗಣಕಕ್ಕೇರಿಸಿದ ಮೇಲೆ ರೈತನ ಬದುಕಿಗೂ ಈ ಅಕ್ಷರಸರಣಿಗಳಿಗೂ ಬಿಡಿಸಲಾಗದ ನಂಟು ಬೆಳೆದಿದೆ. ‘112/1/2’ ಎಂದು ಒಂದೇ ಅಂಕಣದಲ್ಲಿ ಬರೆದಿಟ್ಟ ಸರ್ವೆ ನಂಬರಿನಲ್ಲಿ ಮೊದಲ ಓರೆಗೆರೆ 4ರಲ್ಲಿ, ಎರಡನೆಯದು 6ರಲ್ಲಿ. ‘87/2’ರಲ್ಲಿ ಒಂದೇ ಗೆರೆ, 3ರಲ್ಲಿ. ಇವನ್ನು ಅಕ್ಷರಗಳೆಂದೇ ವಿಂಗಡಿಸಿದರೆ 112 ಎಂಬುದು 87ಕ್ಕಿಂತ ಮೊದಲು ಬರುತ್ತದೆ. ಮೊದಲ ಗೆರೆಯ ಸ್ಥಾನವನ್ನು ಕಂಡು, ಅದರ ಎಡಭಾಗವನ್ನು ಸಂಖ್ಯೆಯಾಗಿ ಪರಿವರ್ತಿಸಿ ವಿಂಗಡಿಸಿದರೆ ಮಾತ್ರ ಹೊಲಗಳು ತಮ್ಮ ಕ್ರಮದಲ್ಲಿ ನಿಲ್ಲುತ್ತವೆ. ಕನ್ನಡ ಅಂಕಿಗಳಲ್ಲಿ ‘೮೭’ ಎಂದಿದ್ದರೆ ‘87’ರ ಶೋಧಕ್ಕೆ ಅದು ಸಿಕ್ಕುವುದಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ವೇಗದ ಬಗೆಗೂ ಒಂದು ಮಾತು. ಹೆಸರಿನ ಆರಂಭದಲ್ಲಿಯೇ ‘ಚಿಕ್ಕ’ ಎಂದಿರುವ ಗ್ರಾಮಗಳನ್ನು ಕೇಳಿದಾಗ ದತ್ತಸಂಚಯವು ಅಕಾರಾದಿ ಸೂಚಿಯ ನೆರವಿನಿಂದ ನೇರವಾಗಿ ಅಲ್ಲಿಗೇ ಹೋಗಬಲ್ಲುದು. ‘ಪಡಸಲಗಿ’ಯ ಸ್ಥಾನವು ಸೊನ್ನೆಗಿಂತ ಹೆಚ್ಚಿರುವ ಗ್ರಾಮಗಳನ್ನು ಕೇಳಿದಾಗ ಸಾಮಾನ್ಯ ಸೂಚಿಯು ನಿರುಪಯೋಗಿಯಾಗಿ ಪ್ರತಿಯೊಂದು ಸಾಲನ್ನೂ ತೆರೆದು ನೋಡಬೇಕಾಗುತ್ತದೆ. ಆದುದರಿಂದ ಸ್ಥಾನಶೋಧನೆಯನ್ನು ದಿನದಿನದ ವಿಚಾರಣೆಗೆ ಬಳಸದೆ, ಒಮ್ಮೆ ಬಳಸಿ, ಊರು, ತಾಲ್ಲೂಕು, ಜಿಲ್ಲೆಗಳನ್ನು ಬೇರೆ ಬೇರೆ ಅಂಕಣಗಳಲ್ಲಿ ಬರೆದಿಟ್ಟುಕೊಳ್ಳುವುದೇ ಉಚಿತ. ಹಾಗೆ ಮಾಡುವಾಗ ಮೂಲದ ಸಾಲನ್ನು ಅಳಿಸದೆ ಪಕ್ಕದ ಅಂಕಣದಲ್ಲಿ ಇದ್ದಂತೆಯೇ ಉಳಿಸಬೇಕು. ಸ್ಥಾನವು ಸೊನ್ನೆಯಾಗಿ ಕತ್ತರಿಸದೆ ಬಿಟ್ಟ ಸಾಲುಗಳನ್ನಷ್ಟೇ ಬೇರ್ಪಡಿಸಿ ಮುದ್ರಿಸಿ, ಆಯಾ ಊರನ್ನು ಬಲ್ಲ ತಲಾಟಿಯ ಕೈಗೆ ಕೊಟ್ಟರೆ, ‘ಬಿಳಗಿ’ ಎಂದು ಬರೆದುದೂ ಬೀಳಗಿಯೇ, ಈ ‘ಬಿಜಾಪುರ’ವು ಜಿಲ್ಲೆಯಲ್ಲ, ಮನೆತನ ಎಂಬುದನ್ನು ಆತನು ಒಂದು ನೋಟಕ್ಕೆ ಗುರುತುಮಾಡಿ ಮರಳಿಸುವನು.